ಮೊಣಕಾಲು ಗಾಯದಿಂದ ಮರಳಿದ ಟೈಟ್ ಎಂಡ್ (ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎದುರಾಳಿಯನ್ನು ತಡೆಯುವ, ಅಂದರೆ ಬ್ಲಾಕ್ ಮಾಡುವ, ಪಾಸ್ ಕೂಡ ಹಿಡಿಯುವ) ಆಟಗಾರನನ್ನು ಫ್ಯಾಂಟಸಿ ತಂಡಕ್ಕೆ ಆರಿಸಬಹುದೇ?

ಆರಿಸಬಹುದು, ಆದರೆ ಹಳೆಯ ಬೆಲೆ ತೆರಬೇಡಿ. ಅಮೆರಿಕನ್ ಫುಟ್‌ಬಾಲ್‌ ಲೀಗ್ ಎನ್‌ಎಫ್‌ಎಲ್‌ನ ಮಿನ್ನೆಸೋಟ ವೈಕಿಂಗ್ಸ್ ತಂಡದ ಟಿ.ಜೆ. ಹಾಕೆನ್ಸನ್ ಅವರನ್ನೇ ನೋಡಿ. 2023ರಲ್ಲಿ 15 ಪಂದ್ಯಗಳಿಂದ 95 ಕ್ಯಾಚ್, 960 ಗಜ, 5 ಟಚ್‌ಡೌನ್ (ಎದುರಾಳಿಯ ಅಂತಿಮ ವಲಯಕ್ಕೆ ಚೆಂಡು ಮುಟ್ಟಿಸಿ ಗಳಿಸುವ ಅಂಕ). ಆ ಡಿಸೆಂಬರ್ 24ರಂದು ಡೆಟ್ರಾಯಿಟ್ ವಿರುದ್ಧ ಮೊಣಕಾಲಿನ ಎರಡು ಅಸ್ಥಿರಜ್ಜುಗಳು, ಎಸಿಎಲ್ ಮತ್ತು ಎಂಸಿಎಲ್, ಹರಿದವು. ಮರುವರ್ಷ ನವೆಂಬರ್‌ನಲ್ಲಿ ಮರಳಿದವರು 10 ಪಂದ್ಯಗಳಲ್ಲಿ ಪಡೆದದ್ದು 41 ಕ್ಯಾಚ್, 455 ಗಜ. ಟಚ್‌ಡೌನ್ ಒಂದೂ ಇಲ್ಲ. ಕ್ಯಾಚಿಗೊಂದು, ಹತ್ತು ಗಜಕ್ಕೊಂದು, ಟಚ್‌ಡೌನಿಗೆ ಆರು ಅಂಕ ಕೊಡುವ ಫ್ಯಾಂಟಸಿ ಲೀಗುಗಳಲ್ಲಿ ಅವರ ಪಂದ್ಯವಾರು ಸರಾಸರಿ 14ರ ಮೇಲಿದ್ದದ್ದು 9ರೊಳಗೆ ಕುಸಿಯಿತು.

ಹಾಗೆಂದು ಎಲ್ಲರ ಕಥೆಯೂ ಇದೇ ಅಲ್ಲ. ಇವೇ ಎರಡು ಅಸ್ಥಿರಜ್ಜುಗಳನ್ನು 2013ರ ಡಿಸೆಂಬರ್‌ನಲ್ಲಿ ಹರಿದುಕೊಂಡ ಟೈಟ್ ಎಂಡ್ ರಾಬ್ ಗ್ರಾಂಕೋವ್ಸ್ಕಿ ಮರುವರ್ಷ 1,124 ಗಜ, 12 ಟಚ್‌ಡೌನ್ ಗಳಿಸಿದರು. ಆದರೆ ಗ್ರಾಂಕೋವ್ಸ್ಕಿಯಂಥವರು ಎಷ್ಟು ಮಂದಿ?

‘ಪೂರ್ಣ ಫಿಟ್’ ಎಂಬ ತರಬೇತುದಾರರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಪಾಸ್ ಆಟಗಳಲ್ಲಿ ಗಾಯದಿಂದ ಮರಳಿದವನು ಎಷ್ಟು ಬಾರಿ ಚೆಂಡು ಪಡೆಯಲು ಓಡುತ್ತಾನೆ ಎಂಬುದನ್ನು ನೋಡುತ್ತೇನೆ. ಅಂಗಳದಲ್ಲಿದ್ದೂ ಬರೀ ಬ್ಲಾಕ್ ಮಾಡುತ್ತ ನಿಂತವನಿಂದ ನಿಮಗೆ ಅಂಕ ಬರುವುದಿಲ್ಲ. ಡ್ರಾಫ್ಟ್‌ನ (ಸರದಿಯಂತೆ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಕೊನೆಯ ಸುತ್ತುಗಳವರೆಗೆ ಉಳಿದರೆ ತೆಗೆದುಕೊಳ್ಳಿ, ಜೊತೆಗೆ ಇನ್ನೊಬ್ಬ ಟೈಟ್ ಎಂಡ್ ಇರಲಿ.