ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ನಮ್ಮ ಪತ್ರಿಕೆಯ ಧಾರಾವಾಹಿಯಲ್ಲಿ 2041ರ ಡಾಕ್ಟರೊಬ್ಬ ನಂದಿ ಬೆಟ್ಟದ ಬುಡದಲ್ಲಿ ಕೂತು, ಎತ್ತರದ, ಬೆಳ್ಳಗಿನ, ಜಾಣ ಮಕ್ಕಳನ್ನು ಆರ್ಡರ್ ಮೇಲೆ ಮಾಡಿಕೊಡುತ್ತಾನಲ್ಲ, ಅದರ ಮೇಲೆ ತಕರಾರು. ‘ಇದೆಲ್ಲ ಆಗೋ ಮಾತಾ? ಸುಮ್ನೆ ಬಸುರಿ ಹೆಂಗಸರನ್ನು ಹೆದರಿಸ್ತೀರಿ, ನಿಲ್ಲಿಸಿ’ ಎನ್ನುತ್ತಾರೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಏಳನೇ ಕಂತಿನಲ್ಲಿ ಐದು ತಿಂಗಳ ಬಸುರಿಗೆ ಒಂದು ಇಂಜೆಕ್ಷನ್ ಕೊಟ್ಟು ಮಗುವಿನ ಜೀನ್‌ಗಳನ್ನೆಲ್ಲ ಬದಲಿಸುತ್ತಾರೆ. ಶುದ್ಧ ಸುಳ್ಳು. ಮೈತುಂಬ ಬದಲಾವಣೆ ಆಗಬೇಕಾದರೆ ಮಗು ಇನ್ನೂ ಒಂದೇ ಕೋಶವಾಗಿರುವಾಗ, ಲ್ಯಾಬಿನ ತಟ್ಟೆಯಲ್ಲೇ ಕೈ ಹಾಕಬೇಕು. ಪ್ರೂಫ್ ನೋಡಿದವನು ನಾನೇ, ಬೇರೆ ಯಾರನ್ನೂ ಬೈಯುವ ಹಾಗಿಲ್ಲ. ಎತ್ತರದ ಕಥೆಯೂ ಅಷ್ಟೆ. 2022ರಲ್ಲಿ ಸುಮಾರು 54 ಲಕ್ಷ ಜನರ ಡಿಎನ್‌ಎ ಜಾಲಾಡಿದ ಸಂಶೋಧಕರಿಗೆ ಎತ್ತರಕ್ಕೆ ಸಂಬಂಧಪಟ್ಟ 12 ಸಾವಿರಕ್ಕೂ ಹೆಚ್ಚು ವ್ಯತ್ಯಾಸಗಳು ಸಿಕ್ಕವು. ಅಷ್ಟನ್ನೂ ಕೂತು ತಿದ್ದುವವರು ಯಾರು? ಜಾಣತನದ ಮಾತಂತೂ ಬಿಡಿ.

ಆದರೆ ಆಗೋ ಮಾತಾ ಅಂದರೆ, ಒಂದು ಸಲ ಆಗಿಹೋಗಿದೆ. ಚೀನಾದ ಶೆನ್‌ಜೆನ್‌ನ ವಿಜ್ಞಾನಿ ಹೆ ಜಿಯಾನ್‌ಕುಯಿ, ಕ್ರಿಸ್ಪರ್ ಎಂಬ ಜೀನ್ ಕತ್ತರಿಸುವ ತಂತ್ರದಿಂದ ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆ ಎಂದು 2018ರ ನವೆಂಬರ್‌ನಲ್ಲಿ ಹೇಳಿದ. ಅಪ್ಪನಿಗೆ ಎಚ್‌ಐವಿ ಇತ್ತು. ಮಕ್ಕಳಿಗೆ ಮುಂದೆಂದೂ ಅದು ತಗುಲದಿರಲಿ ಎಂದು ಆ ವೈರಸ್ ಕೋಶದೊಳಗೆ ನುಗ್ಗುವ ಬಾಗಿಲನ್ನು ಮಾಡುವ ಸಿಸಿಆರ್5 ಎಂಬ ಜೀನ್‌ಗೆ ಕತ್ತರಿ ಹಾಕಿದ್ದ. ಅವನೇ ತೋರಿಸಿದ ಲೆಕ್ಕದಲ್ಲಿ ಒಂದು ಮಗುವಿಗೆ ಕೆಲಸ ಅರ್ಧಂಬರ್ಧ. ಮರುವರ್ಷ ಅವನಿಗೆ 3 ವರ್ಷ ಜೈಲಾಯಿತು.

ನೀವು ರೇಷ್ಮೆಯವರು, ನಿಮಗೆ ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಮೈಸೂರು ತಳಿಯ ಹೆಣ್ಣಿಗೆ ಸಿಎಸ್‌ಆರ್2 ಎಂಬ ಇನ್ನೊಂದು ತಳಿಯ ಗಂಡು ಕೂಡಿಸಿದ ಮಿಶ್ರತಳಿ ಮೊಟ್ಟೆ ತರುತ್ತೀರಿ. ಬೆಳೆ ಕೈಕೊಟ್ಟರೆ ಹುಳುವನ್ನು ಗುಂಡಿಗೆ ಸುರಿದು, ಮನೆ ತೊಳೆದು, ಮತ್ತೆ ಹೊಸ ಮೊಟ್ಟೆ ತರುತ್ತೀರಿ. ಎಡವಟ್ಟು ಆ ಬೆಳೆಗೇ ಮುಗಿಯಿತು. ಮಗುವಿನಲ್ಲಿ ಆದ ಎಡವಟ್ಟು ಅದರ ಮಕ್ಕಳು ಮೊಮ್ಮಕ್ಕಳಿಗೂ ಇಳಿಯಬಹುದು. ದೇಶದ ವೈದ್ಯಕೀಯ ಸಂಶೋಧನೆ ನೋಡಿಕೊಳ್ಳುವ ಐಸಿಎಂಆರ್‌ನ 2017ರ ಮಾರ್ಗಸೂಚಿ, ಹೀಗೆ ಪೀಳಿಗೆಗೆ ಇಳಿಯುವ ತಿದ್ದುಪಡಿಯನ್ನು ನಿಷೇಧಿಸಿದೆ. ರೋಗಿಯ ರಕ್ತದ ಕೋಶ ತಿದ್ದುವುದು ಬೇರೆ. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗೆ ಅಂಥ ಚಿಕಿತ್ಸೆಯನ್ನು 2023ರಲ್ಲಿ ಬ್ರಿಟನ್ ಒಪ್ಪಿತು. ಅದು ಆ ರೋಗಿಯ ಮೈಯಲ್ಲೇ ಉಳಿಯುತ್ತದೆ.

ಧಾರಾವಾಹಿ ಮಾತ್ರ ನಿಲ್ಲಿಸುವುದಿಲ್ಲ. ಡಾಕ್ಟರನ್ನು ಲೇಖಕರು ಹುಟ್ಟಿಸಿದರು. ಅವನ ಬಾಗಿಲಿನ ಕ್ಯೂ ಮೊದಲೇ ಇತ್ತು, ಅಲ್ವಾ? ಹೋದ ವರ್ಷ ತಂಗಿಯ ಮಗಳ ಜೊತೆ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೂತಿದ್ದೆ. ಗೋಡೆಯ ಮೇಲೆ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡು. 1994ರ ಕಾಯ್ದೆಯದು. ಸರಿಯಾಗಿ ಅದರ ಕೆಳಗೇ ಕೂತಿದ್ದ ಅಜ್ಜಿ ನರ್ಸಿನ ಕೈ ಹಿಡಿದು, ‘ಲಂಗ ಹೊಲಿಸಲಾ, ಚಡ್ಡಿ ಹೊಲಿಸಲಾ, ಅಷ್ಟು ಹೇಳವ್ವ ಸಾಕು’ ಎಂದರು. ‘ಎರಡೂ ಹೊಲಿಸಜ್ಜಿ’ ಎಂದು ನರ್ಸ್ ಕೈ ಬಿಡಿಸಿಕೊಂಡಳು. ಲಂಗವೋ ಚಡ್ಡಿಯೋ ಎಂದು ಕೇಳುವವರಿಗೆ ನಾಳೆ ಬಣ್ಣವನ್ನೂ ಆರಿಸಲು ಬಿಟ್ಟರೆ? ನಮ್ಮ ಕಥೆ ಅಲ್ಲಿಂದ ಶುರು.

ಇನ್ನು ನೀವು ಕೆಂಪು ಶಾಯಿಯಲ್ಲಿ ಬರೆದ ಸಾಲು: ‘ನಾಲ್ಕನೇ ಜ್ವರಕ್ಕೆ ಕೂತ ಹುಳುವಿಗೆ ಯಾರ್ರೀ ಸೊಪ್ಪು ಹಾಕ್ತಾರೆ?’ ಜ್ವರ ಅಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು, ನಮ್ಮ ಕಥೆಯಲ್ಲಿ ಆಗಲೇ ಸೊಪ್ಪು ಹಾಕಿಸಿದ್ದಾರೆ. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಲೇಖಕರು ರೇಷ್ಮೆಹುಳು ಕಂಡವರೇ ಅಲ್ಲ. ಮುಂದಿನ ವಾರ ನಿಮ್ಮ ಹುಳುಮನೆಗೆ ಕಳಿಸುತ್ತೇನೆ, ಎರಡು ದಿನ ಹುಳು ಗೂಡು ಕಟ್ಟುವ ಚಂದ್ರಿಕೆ ಹೊರಿಸಿ. ಚಪ್ಪಲಿ ಹೊರಗೇ ಬಿಡಬೇಕೆಂದು ಹೇಳಿದ್ದೇನೆ.