ಟೆಂಪ್ಲೇಟ್ ತಿದ್ದಿದರೂ ಹಳೇ ಅಪ್ರೈಸಲ್‌ಗಳು ಯಾಕೆ ಬದಲಾಗಲಿಲ್ಲ?

ಸಿಬ್ಬಂದಿ ನಿರ್ವಹಣೆಯ ಸಾಫ್ಟ್‌ವೇರ್ ಆದ ಫ್ರಾಪೆ ಎಚ್‌ಆರ್‌ನಲ್ಲಿ ಅಪ್ರೈಸಲ್ (ಉದ್ಯೋಗಿಯ ಕೆಲಸದ ಮೌಲ್ಯಮಾಪನ) ಟೆಂಪ್ಲೇಟ್‌ನ ವೇಟೇಜ್, ಅಂದ್ರೆ ಪ್ರತಿ ಗುರಿಗೆ ಕೊಡುವ ತೂಕ, ತಿದ್ದಿದ್ದೀರಿ, ಆದರೆ ಆಗಲೇ ಮಾಡಿಟ್ಟ ಅಪ್ರೈಸಲ್‌ಗಳಲ್ಲಿ ಹಳೇ ಅಂಕಿಗಳೇ ಕಾಣುತ್ತಿವೆ, ಟೆಂಪ್ಲೇಟ್ ಅಳಿಸಿ ಹೊಸದಾಗಿ ಶುರು ಮಾಡಲಾ ಅಂತ ಕೇಳಿದ್ದೀರಿ ಅಲ್ವಾ? ದಯವಿಟ್ಟು ಅಳಿಸಬೇಡಿ. ಅಪ್ರೈಸಲ್‌ನಲ್ಲಿ ಟೆಂಪ್ಲೇಟ್ ಆರಿಸಿದ ಕ್ಷಣಕ್ಕೆ ಅದರ ಗುರಿ ಮತ್ತು ವೇಟೇಜ್ ಸಾಲುಗಳು ನಕಲಾಗಿ ಬಂದು ಕೂರುತ್ತವೆ, ಆಮೇಲೆ ಮೂಲದಲ್ಲಿ ಏನು ತಿದ್ದಿದರೂ ಅವು ತಾವಾಗಿ ಬದಲಾಗುವುದಿಲ್ಲ. ಇದು ಒಳ್ಳೆಯದೇ. ಹೋದ ವರ್ಷ ಯಾರನ್ನು ಯಾವ ಅಳತೆಯಲ್ಲಿ ಅಳೆದಿರಿ ಅನ್ನೋ ದಾಖಲೆ ಹಾಗೇ ಉಳಿಯಬೇಕು.

ಹಳೇ ಟೆಂಪ್ಲೇಟನ್ನು ಡೂಪ್ಲಿಕೇಟ್ ಮಾಡಿ, ಹೆಸರಲ್ಲೇ ಹುದ್ದೆ ಮತ್ತು ವರ್ಷ ಸೇರಿಸಿ. ವೇಟೇಜ್ ಕೂಡಿದರೆ ಸರಿಯಾಗಿ 100 ಬರಬೇಕು, ಇಲ್ಲಾಂದ್ರೆ ಸೇವ್ ಆಗಲ್ಲ. ಉದಾಹರಣೆಗೆ ಹೊಸ ಗ್ರಾಹಕರು 40, ವಸೂಲಿ 35, ವರದಿ 25 ಇದ್ದು, ವಸೂಲಿಯನ್ನು 45 ಮಾಡಿದರೆ ಬೇರೆ ಕಡೆ 10 ಇಳಿಸಲೇಬೇಕು. ನಂತರ ಆ ಹುದ್ದೆಯ ಡೆಸಿಗ್ನೇಷನ್ ದಾಖಲೆಗೆ ಹೋಗಿ ಹೊಸ ಟೆಂಪ್ಲೇಟ್ ಹಾಕಿ. ಇದನ್ನೇ ತುಂಬಾ ಜನ ಮರೆಯುತ್ತಾರೆ, ಆಮೇಲೆ ಅಪ್ರೈಸಲ್ ಸೈಕಲ್‌ನಲ್ಲಿ (ಒಂದು ಅವಧಿಯ ಮೌಲ್ಯಮಾಪನದ ಸುತ್ತು) ಉದ್ಯೋಗಿಗಳನ್ನು ಎಳೆದಾಗ ಹಳೇದೇ ಬರುತ್ತದೆ.

ಡ್ರಾಫ್ಟ್‌ನಲ್ಲಿರುವ, ಅಂದ್ರೆ ಇನ್ನೂ ಸಬ್ಮಿಟ್ ಮಾಡದ ಅಪ್ರೈಸಲ್‌ಗಳಲ್ಲಿ ಹೊಸ ಟೆಂಪ್ಲೇಟನ್ನು ಆರಿಸಬಹುದು. ಆದರೆ ಅರ್ಧ ವರ್ಷ ಹಳೇ ಗುರಿಗೆ ದುಡಿದವರಿಗೆ ಮೊದಲು ಹೇಳಿ, ಸುಮ್ನೆ ಬದಲಿಸಬೇಡಿ.