ಮೂರು ವಾರ, ಮೂರು ಪದ್ಧತಿ

ಪ್ರಶ್ನೆ: ಶಿಡ್ಲಘಟ್ಟದ ಪಿಯು ಕಾಲೇಜೊಂದರಲ್ಲಿ ಆಪ್ತಸಮಾಲೋಚಕಿಯಾಗಿದ್ದೇನೆ. ಪರೀಕ್ಷೆ ಭಯ ಅಂತ ಬಂದ ಹುಡುಗಿಯ ಮಾತನ್ನು ಮೊದಲ ವಾರ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಕ್ರಮದಲ್ಲಿ, ಅಂದರೆ ತೀರ್ಪು ಕೊಡದೆ, ಅವಳ ಭಾವನೆಯನ್ನು ಅರಿಯುತ್ತಾ ಕೇಳಿಸಿಕೊಂಡೆ. ಎರಡನೇ ವಾರ ಸಿಬಿಟಿ (ಕಾಡುವ ಯೋಚನೆಗಳನ್ನು ಪರೀಕ್ಷಿಸಿ ಬದಲಿಸುವ ಚಿಕಿತ್ಸೆ) ಪ್ರಕಾರ ಯೋಚನೆಗಳನ್ನು ಬರೆದು ತರುವ ಹಾಳೆ ಕೊಟ್ಟೆ, ಖಾಲಿ ತಂದಳು. ಮೂರನೇ ವಾರ ಮನೋವಿಶ್ಲೇಷಣೆಯ ಕ್ರಮದಲ್ಲಿ ಅವಳ ಬಾಲ್ಯವನ್ನು ಕೆದಕಿದೆ. ಆಮೇಲೆ ಬರಲೇ ಇಲ್ಲ. ಪದ್ಧತಿಗಳನ್ನು ಬೆರೆಸಿದ್ದೇ ತಪ್ಪಾ?

ಉತ್ತರ: ಬೆರೆಸಬಹುದು. ನೀವು ಎಡವಿದ್ದು ಅವಳಿಗೆ ಹೇಳದೆ ದಾರಿ ಬದಲಿಸಿದ್ದರಲ್ಲಿ. ಮೊದಲ ವಾರ ಮಾತು ಅವಳದು. ಮರುವಾರ ನೀವು ಹೋಮ್‌ವರ್ಕ್ ಕೊಡುವ ಇನ್ನೊಬ್ಬ ಮೇಡಂ ಆದಿರಿ. ಅಂಕಕ್ಕೆ ಹೆದರುವ ಹುಡುಗಿ ತಪ್ಪು ಬರೆದೇನು ಅಂತ ಹಾಳೆ ಖಾಲಿ ಬಿಟ್ಟಿರಬಹುದು; ಅದನ್ನೇ ಮೆಲ್ಲಗೆ ವಿಚಾರಿಸಬೇಕಿತ್ತು. ಗುರಿ, ಅದಕ್ಕಾಗಿ ಮಾಡುವ ಕೆಲಸ, ಇಬ್ಬರ ನಡುವಿನ ನಂಟು, ಈ ಮೂರೂ ಕೂಡಿಬರಬೇಕು ಅಂತ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲೇ ಬರೆದಿದ್ದಾರೆ. ನಿಮ್ಮಲ್ಲಿ ಎರಡನೆಯದು ತಪ್ಪಿತು.

ಒಂದು ಪದ್ಧತಿಯಲ್ಲಿ ನೆಲೆನಿಂತು ಬೇರೆಯದರಿಂದ ಬೇಕಾದ್ದನ್ನಷ್ಟೇ ತನ್ನಿ. ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮೆಸರ್ ಇದನ್ನು ಅಸಿಮಿಲೇಟಿವ್ ಇಂಟಿಗ್ರೇಶನ್ ಅಂದರು. ಈ ಹುಡುಗಿಗೆ ಸಿಬಿಟಿಯೇ ನೆಲೆಯಾಗಲಿ. ಹಾಳೆಯನ್ನು ನಿಮ್ಮ ಕೋಣೆಯಲ್ಲೇ, ಹತ್ತು ನಿಮಿಷ, ನೀವೇ ಪೆನ್ನು ಹಿಡಿದು ತುಂಬಿಸಿ. ಒಂದೇ ಘಟನೆ ಸಾಕು: ಏನಾಯಿತು, ತಲೆಗೆ ಏನು ಬಂತು, ಮೈಗೆ ಏನಾಯಿತು. ‘ಫೇಲಾದ್ರೆ ಅಪ್ಪನಿಗೆ ಮುಖ ತೋರಿಸಕ್ಕಾಗಲ್ಲ’ ಅಂದರೆ, ಅದನ್ನು 0ಯಿಂದ 100ರಲ್ಲಿ ಎಷ್ಟು ನಂಬುತ್ತೀಯ ಅಂತ ಕೇಳಿ. 90 ಅಂದಳಾ? ವಾದಕ್ಕಿಳಿಯಬೇಡಿ. ರೋಜರ್ಸ್ ಬೇಕಾಗುವುದು ಇಲ್ಲಿ. ರೇಷ್ಮೆಗೂಡು ಮಾರಿದ ದುಡ್ಡಲ್ಲಿ ಫೀಸು ಕಟ್ಟುವ ಮನೆಯ ಮಗಳಾದರೆ ಆ ಮಾತಿಗೆ ತೂಕವಿದೆ. ‘ಅಪ್ಪ ಪಟ್ಟ ಕಷ್ಟ ವ್ಯರ್ಥ ಆಗುತ್ತೆ ಅನ್ನೋ ಸಂಕಟ ಅಲ್ವಾ?’ ಅನ್ನಿ. ಅವಳು ಹೌದು ಅಂದಮೇಲಷ್ಟೇ ಆ ನಂಬಿಕೆಗೆ ಆಧಾರ ಏನು, ವಿರುದ್ಧ ಏನಿದೆ ಅಂತ ಇಬ್ಬರೂ ಹುಡುಕಿ. ಕೊನೆಗೆ ಮತ್ತೆ ಅಂಕ ಕೇಳಿ. 70ಕ್ಕೆ ಇಳಿದರೂ ಆ ದಿನಕ್ಕೆ ಸಾಕು.

ಬಾಲ್ಯ ಸದ್ಯಕ್ಕೆ ಬೇಡ. ಅದೇ ಮಾತು ಮೂರ್ನಾಲ್ಕು ಸೆಷನ್‌ಗಳಲ್ಲಿ ಮರುಕಳಿಸಿದರೆ ‘ಇದನ್ನು ಮೊದಲು ಯಾರ ಬಾಯಲ್ಲಿ ಕೇಳಿದ್ದೆ?’ ಅನ್ನುವ ಒಂದು ಪ್ರಶ್ನೆ ಕೇಳಬಹುದು.

‘ಬದುಕಿರೋದೇ ಬೇಡ’ ಅನ್ನುವ ಮಾತು ಬಂದರೆ ಪದ್ಧತಿಗಳನ್ನೆಲ್ಲ ಬದಿಗಿಡಿ. ಸಾಯುವ ಯೋಚನೆ ಇದೆಯಾ ಅಂತ ನೇರವಾಗಿ ಕೇಳಿ, ಒಬ್ಬಳನ್ನೇ ಬಿಡಬೇಡಿ, ಮನೆಯವರಿಗೆ ತಿಳಿಸಿ, ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲೂ ರಾತ್ರಿಯೂ ಕರೆ ಮಾಡಬಹುದು.

ಈಗ ಅವಳನ್ನು ಮತ್ತೆ ಕರೆಯಬೇಕಲ್ಲ. ಕ್ಲಾಸಿಗೆ ಚೀಟಿ ಕಳಿಸಬೇಡಿ, ಎಲ್ಲರೂ ತಿರುಗಿ ನೋಡುತ್ತಾರೆ. ಒಬ್ಬಳೇ ಸಿಕ್ಕಾಗ ಹೇಳಿ: ‘ಹೋದ ಸಲ ನಾನು ಆತುರಪಟ್ಟೆ ಕಣಮ್ಮ. ಈ ಸಲ ನೀನು ಹೇಳು, ನಾನೇ ಬರೀತೀನಿ.’